ತಲೆಯ ಮೇಲಿದ್ದ ಕೈ

ಇದನ್ನು ಬರೆಯಬೇಕೆಂದು ಹಿಂದೆಯೂ ಕುಳಿತಿದ್ದೇನೆ. ಪ್ರತಿ ಸಲ ಏನಾದರೊಂದು ನೆವ ಸಿಕ್ಕಿತು. ಮಗಳ ಸಂಸಾರ ಒಂದು ಹದಕ್ಕೆ ಬರಲಿ ಅಂದೆ, ಬಂತು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದೆ, ತೆಗೆಸಿದ್ದೂ ಆಯಿತು. ಕಳೆದ ವರ್ಷ ಮೊಣಕಾಲು ಸೋತು ಗಾಲ್ಫ್ ಬ್ಯಾಗನ್ನು ಅಟ್ಟಕ್ಕೆ ಹಾಕಿಸಿದ ಮೇಲೆ ನೆವಗಳೂ ಮುಗಿದವು. ನಾನು ಮ್ಯಾಟ್ರಿಕ್ ಪಾಸಾದವನು, ಬರವಣಿಗೆ ನನ್ನ ಕಸುಬಲ್ಲ. ಆದರೆ ತಡವಾದದ್ದು ಆ ಕಾರಣಕ್ಕಲ್ಲ. ಬರೆದರೆ ನಾನು ಎಂಥವನು ಎಂಬುದು ನನಗೇ ಓದಲು ಸಿಗುತ್ತದೆ ಎಂದು ಹೆದರಿದ್ದೆ.

ಧಾರವಾಡದ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ನಾನು ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಬಂದಾಗ ಅಣ್ಣ ಚೆಂಬೂರಿನ ಹೊರಗೆ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಗಳ ಬದಿಯ ಒಂದು ಚಾಳಿನಲ್ಲಿ ಒಂದೇ ಕೋಣೆಯಲ್ಲಿದ್ದ. ವೈನಿ ಆಗ ಹೊಸ ಮದುವಣಗಿತ್ತಿ. ಹೊಸ ಸಂಸಾರದ ಒಂದೇ ಕೋಣೆಯಲ್ಲಿ ಮೈದುನನೊಬ್ಬ ಬಂದು ಕೂತರೆ ಯಾವ ಹೆಂಗಸಿಗಾದರೂ ಕಷ್ಟ. ಅವರು ಮುಖ ಗಂಟು ಹಾಕಿದ್ದನ್ನು ನಾನು ನೋಡಲಿಲ್ಲ. ನಾನು ಓಣಿಯಂಥ ಪ್ಯಾಸೇಜಿನಲ್ಲಿ ಮಲಗುತ್ತಿದ್ದೆ. ದೀಪಾವಳಿಯ ದಿನ ಮಣೆಯ ಮೇಲೆ ಕೂಡಿಸಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಒಂದು ಕೈ ನೆತ್ತಿಯ ಮೇಲೆ ಗಟ್ಟಿಯಾಗಿ ಇಟ್ಟು, ಇನ್ನೊಂದರಿಂದ ತಿಕ್ಕುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ.

ವೈನಿ ಕಸೂತಿ ಹಾಕುತ್ತಿದ್ದರು. ಚಾಳಿನ ಬೆಳಕು ಕಡಿಮೆ, ಬಾಗಿಲ ಹೊಸ್ತಿಲ ಮೇಲೆ ಕೂತು ಹಾಕುತ್ತಿದ್ದರು. ಗೋಪುರ, ಆನೆ, ತುಳಸಿಕಟ್ಟೆ, ಎಲ್ಲ ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿಯಲ್ಲಿ ಕಟ್ಟುವುದು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಖಾಲಿ ಬಿಟ್ಟ ಜಾಗ ತುಂಬಬೇಕು. ಸರಿಯಾಗಿ ಬಂದರೆ ಸೆರಗಿನ ಮುಂಬದಿ ಯಾವುದು ಹಿಂಬದಿ ಯಾವುದು ತಿಳಿಯುವುದಿಲ್ಲ. ಅದಕ್ಕೇ ನಮ್ಮ ಕಡೆಯ ಹೆಂಗಸರು ಕಸೂತಿ ಸೀರೆ ಕಂಡರೆ ಮುಂದಿನದನ್ನು ನೋಡುವುದೇ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ಸೆರಗಿನ ತುದಿ ಹಿಡಿದು ತಿರುವುತ್ತಾರೆ. ಹಿಂಬದಿಯನ್ನು ನೋಡಿಯೇ ಹಾಕಿದವಳ ಯೋಗ್ಯತೆ ಹೇಳುವುದು. ವೈನಿಯ ಸೆರಗನ್ನು ತಿರುವಿದವರು ಮತ್ತೆ ಮುಂಬದಿಗೆ ತಿರುವಿ, ಇನ್ನೊಮ್ಮೆ ಹಿಂಬದಿಗೆ ತಿರುವಿ, ನಗುತ್ತಿದ್ದರು. ಅದು ಅವರಿಗೆ ಸಿಗುತ್ತಿದ್ದ ಬಹುಮಾನ. ಬೇರೆ ಯಾವುದಾದರೂ ಅವರಿಗೆ ಸಿಕ್ಕಿದ್ದನ್ನು ನಾನು ಕಾಣೆ.

ನನ್ನ ಕತೆ ಬೇರೆಯಾಗಿ ಹೋಯಿತು. ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಪೈಪು ವಾಲ್ವುಗಳ ಏಜೆನ್ಸಿ ಹಿಡಿದು, ಚೆಂಬೂರಿನಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನಲ್ಲಿ ಮನೆ ಮಾಡಿದೆ. ಅಣ್ಣ ಚಾಳಿನಲ್ಲೇ ಉಳಿದು ಅಲ್ಲೇ ತೀರಿಕೊಂಡ. ವೈನಿ ಒಂದು ಟ್ರಂಕು, ಒಂದು ಸೂಜಿ ಡಬ್ಬಿ, ಒಂದು ಮಡಿಕೋಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಡಿ ಬಟ್ಟೆಯನ್ನು ಯಾರ ಕೈಗೂ ತಾಗದಂತೆ ಮೇಲಿನ ಹಗ್ಗಕ್ಕೆ ಹರವುವ ಬಿದಿರಿನ ಕೋಲು ಅದು. ನನ್ನ ಹೆಂಡತಿಗೆ ನೌಕರಿ ಇತ್ತು. ಮಗಳನ್ನು ಬೆಳೆಸಿದವರು ವೈನಿ. ಮಗಳು ಅವರನ್ನು ದೊಡ್ಡವ್ವ ಅನ್ನುತ್ತಾಳೆ.

ಗಾಲ್ಫ್ ನನ್ನ ಕೈಗೆ ಬಂದದ್ದು ಐವತ್ತು ದಾಟಿದ ಮೇಲೆ. ದೊಡ್ಡ ಗಿರಾಕಿಯೊಬ್ಬರು ಕ್ಲಬ್ಬಿನ ಸದಸ್ಯನನ್ನಾಗಿ ಮಾಡಿಸಿದರು. ಚಾಳಿನಲ್ಲಿದ್ದಾಗ ಅದೇ ಮೈದಾನದ ಗೋಡೆಯ ಹೊರಗಿನಿಂದ ಬಸ್ಸಿಗೆ ಓಡುತ್ತಿದ್ದವನು ನಾನು. ಒಳಗೆ ಹೋದ ಮೊದಲ ದಿನ ಹುಲ್ಲಿನ ಮೇಲೆ ಬೂಟಿಟ್ಟಾಗ ಆದ ಸುಖವನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಆದರೆ ಆಟ ಬರಲಿಲ್ಲ. ನಾನು ಹೊಡೆದ ಚೆಂಡು ನೇರ ಹೊರಟು, ನಡುವೆ ಯಾರೋ ಕರೆದಂತೆ ಬಲಕ್ಕೆ ತಿರುಗಿ ಮರಗಳೊಳಗೆ ಹೋಗುತ್ತಿತ್ತು. ವರ್ಷಗಟ್ಟಲೆ ಹಾಗೆಯೇ. ಪುಸ್ತಕ ಓದಿದೆ, ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಬೆಳಿಗ್ಗೆ ಬಿಲ್ಡಿಂಗಿನ ಟೆರೇಸಿನ ಮೇಲೆ ಬಲೆ ಕಟ್ಟಿ, ನಡುವೆ ಕೆಂಪು ಬಟ್ಟೆ ತೂಗುಹಾಕಿ, ಅದಕ್ಕೆ ಗುರಿಯಿಟ್ಟು ಹೊಡೆದೆ. ಅಂಗೈ ಒಡೆದು ರಕ್ತ ಬಂತು. ಚೆಂಡು ಬಟ್ಟೆಯನ್ನು ಮುಟ್ಟಲಿಲ್ಲ.

ಭಾನುವಾರದ ನನ್ನ ಜೊತೆಗಾರರನ್ನು ಒಮ್ಮೆ ಊಟಕ್ಕೆ ಕರೆದಿದ್ದೆ. ಅವರಲ್ಲಿ ಒಬ್ಬರು ಮೋಟಾರು ಬಿಡಿಭಾಗಗಳ ವ್ಯಾಪಾರಿ, ದೊಡ್ಡ ದನಿಯ ಮನುಷ್ಯ. ಜೋಳದ ಭಕ್ರಿ ತಿಂದು ಕೈ ನೆಕ್ಕುತ್ತಾ, "ಭಾಭೀಜಿ, ಇದು ನಿಮ್ಮ ಊರಿನದೇ?" ಎಂದು ಹಿಂದಿಯಲ್ಲಿ ವೈನಿಯನ್ನು ಕೇಳಿದರು. ವೈನಿಗೆ ಖುಷಿಯಾಯಿತು. ಯಾರೂ ಅವರನ್ನು ಹಾಗೆ ಮಾತಾಡಿಸುತ್ತಿರಲಿಲ್ಲ. ತಮ್ಮ ಚಾಳಿನ ಹಿಂದಿಯಲ್ಲಿ ಶುರು ಮಾಡಿದರು.

"ಭಾಕ್ರಿ ಇಸ್ಕೋ ಬಹುತ್ ಪಸಂದ್. ಛೋಟಾ ಥಾ ತೋ ಪಡೋಸನ್ ಕೇ ಘರ್ ಸೇ ಚೋರೀ ಕಿಯಾ. ಗರಮ್ ಗರಮ್ ಶರ್ಟ್ ಕೇ ಅಂದರ್ ಡಾಲಾ. ಪೇಟ್ ಪೂರಾ ಜಲ್ ಗಯಾ!"

ನಿಜವೇ. ನೆರೆಯ ಮರಾಠಿ ಅಜ್ಜಿಯ ಬುಟ್ಟಿಯಿಂದ ಬಿಸಿ ಭಕ್ರಿ ಎಗರಿಸಿ ಅಂಗಿಯೊಳಗೆ ಇಟ್ಟುಕೊಂಡು ಹೊಟ್ಟೆ ಸುಟ್ಟುಕೊಂಡಿದ್ದೆ. ವೈನಿ ಬೊಬ್ಬೆಗೆ ಬೆಣ್ಣೆ ಹಚ್ಚಿ, ಮರುದಿನ ಅಜ್ಜಿಗೆ ಭಕ್ರಿ ಬಡಿದು ಕೊಟ್ಟು, ತಾನೇ ಕಡ ತಂದಿದ್ದೆ ಎಂದು ಸುಳ್ಳು ಹೇಳಿ ನನ್ನನ್ನು ಉಳಿಸಿದ್ದರು. ಆ ಕೊನೆಯ ಭಾಗವನ್ನು ಅವರು ಹೇಳಲಿಲ್ಲ. ಪ್ರೀತಿಯಿಂದ ನನ್ನ ಕಡೆ ನೋಡಿ ನಕ್ಕರು ಅಷ್ಟೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮುಂದಿನ ಭಾನುವಾರದಿಂದ ಮೈದಾನದಲ್ಲಿ ನನ್ನ ಹೆಸರು ಭಾಕ್ರೀಚೋರ್. ಚೆಂಡು ಮರಗಳೊಳಗೆ ಹೋದರೆ, "ಭಾಕ್ರೀಚೋರ್, ಅಂಗಿಯೊಳಗೆ ನೋಡು, ಅಲ್ಲೇ ಇರಬೇಕು." ನಾನು ಹೊಟ್ಟೆ ಮುಟ್ಟಿಕೊಂಡು ನಾಟಕ ಮಾಡಿ ಅವರನ್ನು ನಗಿಸುತ್ತಿದ್ದೆ. ಮನೆಗೆ ಬಂದು ವೈನಿ ಕೊಟ್ಟ ಚಹಾವನ್ನು ಮುಟ್ಟದೆ ಆರಲು ಬಿಡುತ್ತಿದ್ದೆ. ನಾನು ಹಸಿದದ್ದನ್ನು ನೋಡಿದ ಒಬ್ಬರೇ ಒಬ್ಬರು ಬದುಕಿದ್ದರು, ಅವರು ನನ್ನ ಮನೆಯಲ್ಲೇ ಇದ್ದರು. ಅದು ನನಗೆ ಸಹಿಸಲಾಗಲಿಲ್ಲ.

ಆ ವರ್ಷ ಮಗಳ ಮದುವೆ ಗೊತ್ತಾಗಿತ್ತು. ಮದುವೆಯಾದ ಮೊದಲ ಸಂಕ್ರಾಂತಿಗೆ ಮದುಮಗಳು ಕರಿ ಸೀರೆ ಉಡಬೇಕು, ಸಕ್ಕರೆಯ ಕುಸುರೆಳ್ಳು ಪೋಣಿಸಿದ ದಾಗಿನ ತೊಡಬೇಕು, ಹೆಂಗಸರನ್ನು ಕರೆದು ಅರಿಷಿಣ ಕುಂಕುಮ ಮಾಡಬೇಕು. ಆ ಕರಿ ಸೀರೆಯ ಕಸೂತಿಯನ್ನು ವೈನಿ ಶುರು ಮಾಡಿಯಾಗಿತ್ತು. ಒಂದು ದಿನ ನನ್ನ ಹೆಂಡತಿಗೆ ಹೇಳುವುದನ್ನು ಕೇಳಿದೆ. "ಕಣ್ಣು ಇನ್ನ ಒಂದೆರಡು ವರ್ಷ ಬಂದರ ಬಂದೀತು. ಇದs ಕಡೀದು. ಇದು ನನ್ನ ಕೂಸಿಂದು, ಚೊಲೋ ಆಗಬೇಕು." ತಮ್ಮದು ಎಂದು ಹೇಳಿಕೊಳ್ಳಲು ಅವರಿಗೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ಸೆರಗು.

ಅದೇ ಮಳೆಗಾಲ ಮುಗಿದ ಮೇಲೆ ಕ್ಲಬ್ಬಿನ ತರಬೇತುದಾರನ ಬಳಿ ಹೋದೆ. ಅವನು ನಾಲ್ಕು ಹೊಡೆತ ನೋಡಿ, "ಅಂಕಲ್, ನಿಮ್ಮ ಕೈ ಸರಿ ಇದೆ, ಕಾಲು ಸರಿ ಇದೆ. ತಲೆ ನಿಲ್ಲುತ್ತಿಲ್ಲ" ಅಂದ. ಚೆಂಡಿಗೆ ತಾಗುವ ಮೊದಲೇ ಅದು ಎಲ್ಲಿ ಹೋಯಿತೆಂದು ನೋಡಲು ನಾನು ತಲೆ ಎತ್ತುತ್ತಿದ್ದೆನಂತೆ. ಅವನು ಎದುರು ನಿಂತು ಕೋಲಿನ ಹಿಡಿಯನ್ನು ನನ್ನ ತಲೆಗೆ ಒತ್ತಿ ಹಿಡಿದ. ತಲೆ ಅಲ್ಲಾಡಿದರೆ ಕೋಲು ಚುಚ್ಚುತ್ತದೆ. ಹೊಡೆದೆ. ಚೆಂಡು ನೇರ ಹೋಯಿತು. ನನಗೆ ನಂಬಿಕೆಯೇ ಬರಲಿಲ್ಲ. "ಮನೆಯಲ್ಲಿ ಯಾರಿಗಾದರೂ ಹೀಗೆ ಹಿಡಿಯಲು ಹೇಳಿ. ದೂರ ನಿಲ್ಲಬೇಕು, ಹುಷಾರು" ಅಂದ.

ಹೆಂಡತಿಯನ್ನು ಕೇಳಿದೆ. "ನನಗ ಬ್ಯಾರೆ ಕೆಲಸ ಇಲ್ಲೇನು? ಲೋಕಲ್ ಹಿಡೀಬೇಕು" ಅಂದಳು. ವೈನಿಗೆ ಹಾಗೆನ್ನುವ ಅನುಕೂಲವಿರಲಿಲ್ಲ.

"ವೈನಿ, ಟೆರೇಸಿಗೆ ಬರ್ರಿ."

"ಒಲಿ ಮ್ಯಾಲೆ ಬ್ಯಾಳಿ ಇಟ್ಟೀನೋ."

"ಬ್ಯಾಳಿ ಎಲ್ಲಿ ಓಡಿ ಹೋಗ್ತದ? ಆರಿಸಿ ಬರ್ರಿ."

ಹಿಡಿಯಲು ಕೋಲು ಬೇಕಿತ್ತು. ಬ್ಯಾಗಿನಲ್ಲಿ ಕೋಲುಗಳು ತುಂಬಿದ್ದವು. ನಾನು ಹಿತ್ತಲ ಬಾಲ್ಕನಿಗೆ ಹೋಗಿ ಅವರ ಮಡಿಕೋಲನ್ನು ತೆಗೆದುಕೊಂಡೆ. ಸ್ನಾನವಾಗಿರಲಿಲ್ಲ, ಬೂಟು ಹಾಕಿಕೊಂಡಿದ್ದೆ. ಬೇಕೆಂದೇ ಮಾಡಿದ್ದು.

"ಅಯ್ಯ, ಅದನ್ಯಾಕ ಮುಟ್ಟಿದ್ಯೋ? ಇನ್ನ ಎಲ್ಲಾ ಮತ್ತ ತೊಳೀಬೇಕಲ್ಲೋ."

"ತೊಳೀರಿ. ನಿಮಗೇನ್ ಆಫೀಸ್ ಅದ?"

ಅವರು ಕೋಲಿನ ತುದಿಯನ್ನು ನನ್ನ ತಲೆಗೆ ಹಿಡಿದು ನಿಂತರು. ಕೋಲು ಉದ್ದ, ತುದಿ ನೆತ್ತಿಯಿಂದ ಜಾರುತ್ತಿತ್ತು. ಎರಡು ದಿನ ನೋಡಿ, "ಕೋಲು ಬ್ಯಾಡ. ಹತ್ತರ ಬಂದು ಕೈಲೇ ಹಿಡೀರಿ" ಅಂದೆ. ತರಬೇತುದಾರ ದೂರ ನಿಲ್ಲಬೇಕೆಂದು ಹೇಳಿದ್ದು ನೆನಪಿತ್ತು. ವೈನಿ ಬಗ್ಗಿ, ತೋಳು ಚಾಚಿ, ಬಲಗೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟರು. ದೀಪಾವಳಿಯ ಎಣ್ಣೆಯ ಕೈ. ನಾನು ಕೋಲು ಬೀಸಿದೆ. ಚೆಂಡು ಕೆಂಪು ಬಟ್ಟೆಯ ನಡುವಿಗೆ ಹೊಡೆದು ಬಟ್ಟೆ ಹಾರಿತು.

"ಬಿತ್ತೇನೋ?" ಅಂದರು, ಸಣ್ಣ ಹುಡುಗಿಯ ಹಾಗೆ.

"ನಿಮಗ ಯಾಕ ಅದು? ಹಿಡೀರಿ."

ಆಮೇಲೆ ದಿನವೂ ಅದೇ ನಡೆಯಿತು. ಬೆಳಗಿನ ಬಿಸಿಲು ಏರುವವರೆಗೆ ಆ ವಯಸ್ಸಿನ ಹೆಂಗಸು ಬಗ್ಗಿ ನಿಂತು ನನ್ನ ತಲೆ ಹಿಡಿಯುತ್ತಿದ್ದರು, ಆಮೇಲೆ ಕೆಳಗೆ ಹೋಗಿ ಮತ್ತೆ ಸ್ನಾನ ಮಾಡಿ ಅಡುಗೆ ಮಾಡುತ್ತಿದ್ದರು, ಮಧ್ಯಾಹ್ನ ಕಿಟಕಿಯ ಬಳಿ ಕೂತು ಕಸೂತಿ ಹಾಕುತ್ತಿದ್ದರು. "ಭುಜ ನೋಯ್ತಾವ, ಇವತ್ತ ಎಳಿ ಎಣಿಸೋದು ತಪ್ಪತು" ಎಂದು ಹೆಂಡತಿಗೆ ಹೇಳಿದರಂತೆ. ಅವಳು ನನಗೆ ಹೇಳಿದಳು. ಮರುದಿನ ಇನ್ನಷ್ಟು ಹೊತ್ತು ನಿಲ್ಲಿಸಿದೆ.

ಇನ್ನೂ ಒಂದು ಇದೆ. ಒಮ್ಮೆ ಹೊಡೆತ ಮುಗಿದು ಅವರು ಹಿಂದೆ ಸರಿಯುವಾಗ ನನ್ನ ಕೋಲು ಅವರ ಮುಖದ ಹತ್ತಿರದಿಂದ ಹಾದುಹೋಯಿತು. ಅವರು ಕಣ್ಣು ಮುಚ್ಚಿ ತೋಳಿನಲ್ಲಿ ಮುಖ ಬಚ್ಚಿಟ್ಟುಕೊಂಡರು. ಅದನ್ನು ನೋಡಿ ನನಗೆ ನಗು ಬಂತು. ಆಮೇಲೆ ಬೇಕೆಂದೇ ಮಾಡತೊಡಗಿದೆ. ಚೆಂಡಿಲ್ಲದೆ, ಸುಮ್ಮನೆ, ಅವರು ತಿರುಗಿದಾಗ ಮೂಗಿನ ಮುಂದೆ ಕೋಲು ಬೀಸುವುದು. "ಯಾಕ ವೈನಿ, ಅಂಜಿದ್ರಿ? ಚಾಳಿನ್ಯಾಗ ಸೌಟಲೆ ಹೊಡೀತಿದ್ರಲ್ಲ ನನಗ?" ಅವರು ಎದೆ ಹಿಡಿದುಕೊಂಡು ನಗಲು ನೋಡುತ್ತಿದ್ದರು. "ಹುಚ್ಚಪ್ಯಾಲಿ, ಹೊಡದೀ ಏನೋ ಖರೇನ" ಅನ್ನುತ್ತಿದ್ದರು. ಆಟವೇ ಆಗಿರಲಿ ಎಂದು ಅವರು ಬಯಸಿದರು. ಅದು ಆಟವಾಗಿರಲಿಲ್ಲ.

ಕ್ಲಬ್ಬಿನ ಪಂದ್ಯಕ್ಕೆ ಒಂದು ವಾರವಿತ್ತು. ಆ ಭಾನುವಾರ ಮೈದಾನದಲ್ಲಿ ತಲೆ ಹಿಡಿಯುವ ಕೈ ಇರಲಿಲ್ಲ, ನನ್ನ ತಲೆ ಮತ್ತೆ ಎದ್ದಿತು. ಮೂರು ಚೆಂಡು ನೀರಿಗೆ ಹೋದವು. ಬಿಡಿಭಾಗಗಳ ವ್ಯಾಪಾರಿ ಎಲ್ಲರಿಗೂ ಕೇಳುವಂತೆ, "ಬಿಡಿ, ಇವನಿಗೆ ಕದಿಯುವುದೊಂದೇ ಬರುತ್ತದೆ, ಹೊಡೆಯುವುದು ಬರುವುದಿಲ್ಲ" ಅಂದರು. ಬ್ಯಾಗು ಹೊರುವ ಕ್ಯಾಡಿ ಹುಡುಗರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಮನೆಗೆ ಬಂದೆ, ಬೂಟು ಬಿಚ್ಚದೆ ವೈನಿಯನ್ನು ಟೆರೇಸಿಗೆ ಕರೆದೆ.

ಮಧ್ಯಾಹ್ನವಾಗಿತ್ತು. ಅವರು ಕಸೂತಿ ಬಿಟ್ಟು ಬಂದಿದ್ದರು, ಕನ್ನಡಕ ಮೂಗಿನ ಮೇಲೇ ಇತ್ತು. ಸ್ವಲ್ಪ ಹೊತ್ತು ಹಿಡಿದು, "ಸಾಕೋ, ಕೈ ಸೋತಾವ. ಇವತ್ತ ತುಳಸೀಕಟ್ಟಿ ಮುಗಸಬೇಕು" ಎಂದು ಕೈ ಇಳಿಸಿ ಹೊರಟರು.

"ನಿಲ್ಲು" ಅಂದೆ.

ಮುಂಬಯಿಗೆ ಬಂದ ದಿನದಿಂದ ನಾನು ಅವರಿಗೆ 'ರಿ' ಹಚ್ಚದೆ ಮಾತಾಡಿದವನಲ್ಲ. ಅವರು ನಿಂತು ತಿರುಗಿ ನೋಡಿದರು. "ಏನಂದಿ?"

"ನಿಲ್ಲು ಅಂದೆ. ಊರ ಮಂದಿಗೆ ನನ್ನ ಮಾನಾ ಹಂಚಿ, ಈಗ ಕೈ ಸೋತಾವೇನು ನಿಂದು?"

ಏಳನೇ ನಂಬರಿನ ಐರನ್, ಕಬ್ಬಿಣದ ತಲೆಯ ಗಾಲ್ಫ್ ಕೋಲು, ನನ್ನ ಕೈಯಲ್ಲಿತ್ತು. ಅದನ್ನು ಅವರ ಮುಖದ ಮುಂದೆ ಬೀಸಿದೆ. ಹಿಂದಿನ ಸಲಗಳಂತೆ ಅಲ್ಲ, ಪೂರ್ತಿ ಭುಜ ತಿರುಗಿಸಿ, ಕಲಿತದ್ದನ್ನೆಲ್ಲ ಹಾಕಿ ಬೀಸಿದೆ. ಹೊಡೆಯಬೇಕೆಂದು ಅಲ್ಲ. ಅವರು ಅಂಜಬೇಕಿತ್ತು. ಅವರು ಬಲಗೈಯನ್ನು ಮುಖಕ್ಕೆ ಅಡ್ಡ ತಂದರು.

ಒಣ ಕಟ್ಟಿಗೆ ಮುರಿದಂಥ ಸಪ್ಪಳ. ಅವರು ಕೂತುಬಿಟ್ಟರು, ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಕೂಸಿನಂತೆ ಹಿಡಿದುಕೊಂಡು. ನಾನು ಮೊದಲು ನೋಡಿದ್ದು ಅವರನ್ನಲ್ಲ. ಕೋಲು ಬಾಗಿದೆಯೇ ಎಂದು ನೋಡಿದೆ. ಇದನ್ನು ಬರೆಯಲು ನಾನು ಇಷ್ಟು ವರ್ಷ ತೆಗೆದುಕೊಂಡೆ.

ಆಮೇಲೆ ಹೇಳಿದೆ: "ಬಾತ್‌ರೂಮಿನ್ಯಾಗ ಜಾರಿ ಬಿದ್ದೆ ಅಂತ ಹೇಳ್ರಿ." 'ರಿ' ಮರಳಿ ಬಂದಿತ್ತು.

ಅವರು ತಲೆಯಾಡಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅವರೇ ಹೇಳಿದರು, ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ. ಸೋಪು ಕೆಳಗೆ ಬಿದ್ದಿತ್ತು, ನೋಡಲಿಲ್ಲ, ಕನ್ನಡಕ ತೆಗೆದಿದ್ದೆ ಎಂದೆಲ್ಲ. ಭಕ್ರಿ ಕದ್ದಾಗ ಅಜ್ಜಿಗೆ ಹೇಳಿದ ಸುಳ್ಳೂ ಹೀಗೇ ಸಲೀಸಾಗಿ ಬಂದಿರಬೇಕು. ಎಲುಬು ಕೂಡಿಸಿ ಪಟ್ಟಿ ಕಟ್ಟಿದರು. ಎಲುಬು ಕೂಡಿತು. ಹೆಬ್ಬೆರಳು, ತೋರುಬೆರಳು ಮಾತ್ರ ಒಂದನ್ನೊಂದು ಮುಟ್ಟುವುದನ್ನು ಬಿಟ್ಟವು. ಸೂಜಿ ಹಿಡಿಯುವ ಬೆರಳುಗಳು.

ಮುಂದಿನ ಭಾನುವಾರ ನಾನು ಪಂದ್ಯ ಆಡಿದೆ. ಆಡಬಾರದಿತ್ತು ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಮನೆಯಲ್ಲಿ ಒಬ್ಬರು ಜಾರಿ ಬಿದ್ದಿದ್ದರು ಅಷ್ಟೆ. ಚೆಂಡಿನ ಮುಂದೆ ನಿಂತಾಗಲೆಲ್ಲ ನೆತ್ತಿಯ ಮೇಲೆ ಆ ಕೈ ಇದೆ ಎಂದುಕೊಂಡೆ. ಇತ್ತು. ತಲೆ ಅಲ್ಲಾಡಲಿಲ್ಲ. ನನ್ನ ಜೀವನದ ಅತ್ಯಂತ ಒಳ್ಳೆಯ ಆಟ ಅದು. ಪಂದ್ಯದ ಕಪ್ ಗೆದ್ದೆ. ಬಿಡಿಭಾಗಗಳ ವ್ಯಾಪಾರಿ ಅಪ್ಪಿಕೊಂಡರು, ಆ ದಿನದ ಮಟ್ಟಿಗೆ ಭಾಕ್ರೀಚೋರ್ ಅನ್ನಲಿಲ್ಲ. ಮನೆಗೆ ಬಂದಾಗ ವೈನಿ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದರು.

"ಗೆದ್ದ್ಯಾ?" ಅಂದರು.

"ಹೂಂ."

"ಚೊಲೋ ಆತು. ತಲಿ ನಿಂತಿತಾ?"

ನಾನು ಕಪ್ಪನ್ನು ಶೋಕೇಸಿನಲ್ಲಿಟ್ಟೆ. ಆ ವಾರ ಅಭಿನಂದಿಸಲು ಬಂದವರು ವೈನಿಯ ಕೈ ನೋಡಿ ಏನಾಯಿತೆಂದು ಕೇಳಿದರೆ ನಾನೇ ಮುಂದಾಗಿ ಹೇಳುತ್ತಿದ್ದೆ: "ನನ್ನ ಪ್ರ್ಯಾಕ್ಟೀಸು ನೋಡಿ ಅವರೂ ಬಾತ್‌ರೂಮಿನ್ಯಾಗ ಗಾಲ್ಫ್ ಆಡ್ಲಿಕ್ಕೆ ಹೋಗಿದ್ರು." ಎಲ್ಲರೂ ನಗುತ್ತಿದ್ದರು. ವೈನಿಯೂ. ಒಂದೇ ಮಾತನ್ನು ಬಂದವರಿಗೆಲ್ಲ ಹೇಳಿದೆ.

ಸೆರಗು ಅರ್ಧಕ್ಕೆ ನಿಂತಿತ್ತು. ಮದುವೆ ಮುಗಿಯಿತು, ಸಂಕ್ರಾಂತಿ ಹತ್ತಿರ ಬಂತು. ವೈನಿ ಎಡಗೈಯಲ್ಲಿ ಸೂಜಿ ಹಿಡಿದು ಪ್ರಯತ್ನಿಸಿದರು. ಬೆಳಿಗ್ಗೆ ಹಾಕಿದ್ದನ್ನು ಸಂಜೆ ಬಿಚ್ಚುತ್ತಿದ್ದರು. ಮಗಳು ಫೋನಿನಲ್ಲಿ, "ದೊಡ್ಡವ್ವ, ಅರ್ಧಾನೇ ಉಡ್ತೀನಿ ಬಿಡು, ನಂಗೆ ನಡೀತದೆ" ಅಂದಳು. ಅದನ್ನೇ ಕೇಳಿದ್ದರೆ ಆಗುತ್ತಿತ್ತು. ನನಗೆ ಅರ್ಧ ಸೆರಗು ಬೇಡವಾಗಿತ್ತು. ಅದನ್ನು ನೋಡಿದಾಗಲೆಲ್ಲ ಟೆರೇಸು ಕಾಣುತ್ತಿತ್ತು.

ವೈನಿ ಆಸ್ಪತ್ರೆಗೆ ಬೆರಳಿನ ವ್ಯಾಯಾಮಕ್ಕೆ ಹೋಗಿದ್ದಾಗ ಸೀರೆಯನ್ನು ತೆಗೆದುಕೊಂಡು ಧಾರಾವಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುವ ಒಂದು ಸಣ್ಣ ಕಾರ್ಖಾನೆ ಇದೆ ಎಂದು ಯಾರೋ ಹೇಳಿದ್ದರು. ನಡೆಸುತ್ತಿದ್ದವನು ವಿಜಯಪುರದ ಕಡೆಯ ಮುಸಲ್ಮಾನ. ನನ್ನ ಹಿಂದಿ ಕೇಳಿಯೇ, "ನಮ್ಮ ಕಡೇರೇನ್ರಿ ಸಾಹೇಬ್ರ?" ಎಂದು ಕನ್ನಡಕ್ಕೆ ಬಂದ. ಸೆರಗನ್ನು ಹಿಡಿದು, ಅವನೂ, ಮೊದಲು ತಿರುವಿ ನೋಡಿದ.

"ಮ್ಯಾಲ ಮಷಿನ್ ಥೇಟ್ ಹಿಂಗs ಹಾಕ್ತೈತ್ರಿ. ಹಿಂದ ಮಾತ್ರ ದಾರ ನಿಂತಾವು, ಗಂಟು ಬರ್ತಾವು."

"ಹಿಂದ ಯಾರು ನೋಡ್ತಾರ?"

ಅವನು ನನ್ನ ಮುಖ ನೋಡಿ ನಕ್ಕ. "ನಮ್ಮ ಕಡೇರಾಗಿ ನೀವs ಹಿಂಗ ಕೇಳಿದ್ರ?"

"ಹಾಕು" ಅಂದೆ.

ಸೀರೆ ತಂದು ವೈನಿಯ ಮುಂದೆ ಬಿಡಿಸಿಟ್ಟೆ. ಉಪಕಾರ ಮಾಡಿದವನ ಹಾಗೆ ನಿಂತಿದ್ದೆ. ಅವರು ಬಲಗೈಯ ಹಿಂಬದಿಯಿಂದ ಸೆರಗನ್ನು ಸವರಿದರು. ತಮ್ಮ ಆನೆಯ ಪಕ್ಕದಲ್ಲಿ ಮಷಿನ್ನಿನ ಆನೆ. ಆಮೇಲೆ ಎಡಗೈಯಲ್ಲಿ ತುದಿ ಹಿಡಿದು ತಿರುವಿದರು. ತುಂಬ ಹೊತ್ತು ನೋಡಿದರು. ಮತ್ತೆ ಮುಂಬದಿಗೆ ತಿರುವಿ, ಮಡಚಿ, "ಆತು ಬಿಡು, ಕೂಸು ಉಟ್ಟರ ಸಾಕು" ಅಂದರು. ಸೂಜಿ ಡಬ್ಬಿಯನ್ನು ಅಂದೇ ಟ್ರಂಕಿಗೆ ಹಾಕಿದರು.

ಸಂಕ್ರಾಂತಿಯ ಅರಿಷಿಣ ಕುಂಕುಮ ನಮ್ಮ ಮನೆಯಲ್ಲೇ ಇಟ್ಟಿದ್ದೆವು. ಬೀಗರ ಕಡೆಯ ಹೆಂಗಸರು, ಚೆಂಬೂರಿನ ನಮ್ಮ ಮಂದಿ, ಎಲ್ಲ ಹಾಲಿನಲ್ಲಿ ತುಂಬಿದ್ದರು. ಗಂಡಸರು ನಾವು ಒಳಕೋಣೆಯಲ್ಲಿ, ಬಾಗಿಲು ತೆರೆದಿತ್ತು. ವೈನಿ ವಿಧವೆ, ಕುಂಕುಮದ ಮನೆಯಲ್ಲಿ ಮುಂದೆ ಬರುವುದಿಲ್ಲ. ಅಡುಗೆಮನೆಯಲ್ಲಿ ಎಳ್ಳಿನ ಹೋಳಿಗೆ ಎಣಿಸಿ ತಟ್ಟೆಗೆ ಇಡುತ್ತಿದ್ದರು. ಮಗಳು ಕರಿ ಸೀರೆಯಲ್ಲಿ, ಬಿಳಿಯ ಕುಸುರೆಳ್ಳಿನ ದಾಗಿನ ತೊಟ್ಟು ಕೂತಿದ್ದಳು. ಬೀಗಿತಿ ಅವಳಿಗೆ ಎಳ್ಳು ಕೊಡಲು ಬಗ್ಗಿದವರು, ನಗುತ್ತಾ ಸೆರಗಿನ ತುದಿ ಹಿಡಿದು ತಿರುವಿದರು.

ತಿರುವಿದ್ದನ್ನು ಬೆಳಕಿಗೆ ಹಿಡಿದು ಕೂಗಿದರು.

"ಅಯ್ಯ, ಇದೇನ್ರಿ? ಇಲ್ಲೀತನ ಕೈ, ಇಲ್ಲಿಂದ ಮಷಿನ್ನು!"

"ನೋಡೋಣ, ನೋಡೋಣ." ಸೆರಗು ಕೈಯಿಂದ ಕೈಗೆ ಹೋಯಿತು. ಮಗಳು ಸೆರಗಿನ ಹಿಂದೆಯೇ ಬಾಗುತ್ತಿದ್ದಳು.

"ಇವರ ದೊಡ್ಡವ್ವನ ಕಸೂತಿ ಅಂದರ ಹಂಗ ಹಿಂಗ ಅಂತಿದ್ರಲ್ಲ."

"ಎಲ್ಲಾ ಹಿಂಗs ಮಾಡಿರಬೇಕು ಬಿಡ್ರಿ, ಇಷ್ಟ ವರ್ಷ. ನಾವು ತಿರುವಿದ್ದು ಬರೇ ಮೊದಲಿನ ತುದಿ ಅಷ್ಟs."

ನಕ್ಕರು. ಬೀಗಿತಿ ಅಡುಗೆಮನೆಯ ಕಡೆ ತಿರುಗಿ ಕೂಗಿ ಕೇಳಿದರು, "ಎಲ್ಲಿದಾರ ಕಸೂತಿ ಹಾಕಿದವರು? ಏನ್ರಿ, ಮಷಿನ್ ಯಾವಾಗ ತಗೊಂಡ್ರಿ?"

ವೈನಿ ಅಡುಗೆಮನೆಯ ಬಾಗಿಲಿಗೆ ಬಂದರು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಅಲ್ಲಿಂದ ಒಳಕೋಣೆ ಕಾಣುತ್ತದೆ. ನನ್ನನ್ನು ನೋಡಿದರು. ಬೈಯುವ ನೋಟವಲ್ಲ. ಏನು ಹೇಳಲಿ ಎಂದು ಕೇಳುವ ನೋಟ. ನಾನು ಒಂದು ಮಾತು ಹೇಳಿದರೆ ಸಾಕಿತ್ತು. 'ನಾನು ಹಾಕಿಸಿದ್ದು' ಅಂದಿದ್ದರೂ ಸಾಕಿತ್ತು, ಟೆರೇಸಿನ ಮಾತು ಬೇಕಿರಲಿಲ್ಲ. ನಾನು ಕೈಯಲ್ಲಿದ್ದ ಎಳ್ಳನ್ನು ಬಾಯಿಗೆ ಹಾಕಿಕೊಂಡು ಅಗಿದೆ.

"ಅವಸರ ಆತ್ರಿ," ಅಂದರು ವೈನಿ. "ಕಣ್ಣೂ ಕಾಣಂಗಿಲ್ಲ. ಅದಕ್ಕ ಮಷಿನ್ನಿಗೆ ಕೊಟ್ಟೆ. ತಪ್ಪಾತು."

"ಮೊದಲs ಹೇಳಿದ್ರ ಆಗ್ತಿತ್ತಲ್ಲ, ಯಾಕ ಮೋಸ?" ಅಂದರು ಯಾರೋ. ಅದಕ್ಕೂ ಅವರು "ತಪ್ಪಾತು" ಅಂದು ಒಳಗೆ ಹೋಗಿ ಹೋಳಿಗೆಯ ತಟ್ಟೆ ಕಳಿಸಿದರು.

ಅದು ಚೆಂಬೂರಿನಿಂದ ಮಾಟುಂಗದವರೆಗೆ ನಮ್ಮ ಮಂದಿಯಲ್ಲೆಲ್ಲ ಹರಡಿತು. ಮೊದಲು ವೈನಿಯ ಕೈಯಲ್ಲಿ ಸೀರೆ ಹಾಕಿಸಿಕೊಂಡವರು ಹಳೆಯ ಸೆರಗುಗಳನ್ನು ಹುಡುಕಿ ತೆಗೆದು ತಿರುವಿ ನೋಡಿದರಂತೆ. ಅವುಗಳಲ್ಲಿ ಗಂಟು ಸಿಕ್ಕಿರಲಿಕ್ಕಿಲ್ಲ. ಅದನ್ನು ಯಾರೂ ಬಂದು ಹೇಳಲಿಲ್ಲ.

ಮೊಣಕಾಲು ಸೋತು ಮನೆಯಲ್ಲಿ ಕೂತ ಮೇಲೆ, ಕಳೆದ ವರ್ಷ, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಟಿ.ವಿ.ಯ ದನಿ ಕಡಿಮೆ ಮಾಡಿ ಕೇಳಿ, "ನನಗ ಗೊತ್ತಿತ್ತು" ಅಂದಳು. "ಆವತ್ತ ಬಾತ್‌ರೂಮು ಒಣಗಿತ್ತು. ನಾನs ಒರಸಿದ್ದೆ." ಮತ್ತೆ ದನಿ ಹೆಚ್ಚು ಮಾಡಿದಳು. ಅವಳಲ್ಲಿ ಕ್ಷಮೆ ಕೇಳಿದೆ. ಯಾತಕ್ಕೆ ಎಂದು ಅವಳೂ ಕೇಳಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಗಳಿಗೆ ಹೇಳಿದೆ. ಅವಳು ಫೋನು ಇಟ್ಟುಬಿಟ್ಟಳು. ಆ ಭಾನುವಾರ ಬಂದು ಕರಿ ಸೀರೆಯನ್ನು ನನ್ನ ತೊಡೆಯ ಮೇಲೆ ಇಟ್ಟು ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು: "ಮುಝಸೇ ಮಾಫೀ ಮತ್ ಮಾಂಗೋ ಪಪ್ಪಾ. ಹೋಗಿ ದೊಡ್ಡವ್ವಗೆ ಹೇಳು. ಕಿಚನ್ ಅಲ್ಲೇ ಇದೆ." ಸೀರೆ ಈಗ ನನ್ನ ಕಪಾಟಿನಲ್ಲಿದೆ. ಕಪ್ಪನ್ನೂ ಶೋಕೇಸಿನಿಂದ ತೆಗೆದು ಅಲ್ಲೇ ಇಟ್ಟಿದ್ದೇನೆ.

ಈ ದೀಪಾವಳಿಗೂ ವೈನಿ ನನ್ನನ್ನು ಮಣೆಯ ಬದಲು ಸ್ಟೂಲಿನ ಮೇಲೆ ಕೂಡಿಸಿ ತಲೆಗೆ ಎಣ್ಣೆ ಹಚ್ಚಿದರು. ಅವರ ಬೆನ್ನು ಈಗ ಪೂರ್ತಿ ಬಾಗಿದೆ. ತಿಕ್ಕುವುದು ಎಡಗೈ. ಬಲಗೈಯ ಸೊಟ್ಟ ಬೆರಳುಗಳು ನೆತ್ತಿಯ ಮೇಲೆ ಸುಮ್ಮನೆ ಕೂತಿರುತ್ತವೆ, ತಲೆ ಹಿಡಿದುಕೊಳ್ಳಲು. ಬಾತ್‌ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಇಷ್ಟು ಹತ್ತಿರ, ಇಷ್ಟು ಹೊತ್ತು ಮತ್ತೆ ಸಿಗುವುದಿಲ್ಲ ಎಂದು ನನಗೆ ತಿಳಿದಿತ್ತು. ಹೇಳಬೇಕೆಂದು ಮುಖ ಎತ್ತಿದೆ.

"ತಲಿ ಅಲ್ಲಾಡಸಬ್ಯಾಡೋ," ಅಂದರು. "ಎಣ್ಣಿ ಕಣ್ಣಾಗ ಹೋಗ್ತದ."

ಅಲ್ಲಾಡಿಸಲಿಲ್ಲ. ಎಣ್ಣೆ ಆಯಿತು, ಬಿಸಿನೀರು ಹಾಕಿದರು, ಟವೆಲ್ಲು ಕೊಟ್ಟು ಹೋದರು. ಹೆಂಡತಿಯ ಕ್ಷಮೆ ಕೇಳಿದ್ದೇನೆ, ಮಗಳ ಕ್ಷಮೆ ಕೇಳಿದ್ದೇನೆ, ದೇವರ ಮುಂದೆ ದಿನವೂ ಕೈ ಮುಗಿಯುತ್ತೇನೆ. ಒಬ್ಬರ ಮುಂದೆ ಮಾತ್ರ ಬಾಯಿ ಬಿಟ್ಟಿಲ್ಲ. ಅವರು ಈಗ ಅಡುಗೆಮನೆಯಲ್ಲಿ ಎಡಗೈಯಿಂದ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ, ಚಹಾ ಆರುತ್ತದೆ ಎಂದು ಎರಡು ಸಲ ಕೂಗಿದ್ದಾರೆ. ನನ್ನ ಅಣ್ಣನ ಹೆಂಡತಿ, ನನ್ನ ವೈನಿ.